ಬಿಸಿಲು ಕಾಣಬಾರದ ಮರಳು

2022ರ ಸೆಪ್ಟೆಂಬರ್ ಮೊದಲ ವಾರ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಅದಕ್ಕೆ ಹಿಂದೆ ಆ ಅಣೆಕಟ್ಟು ತುಂಬಿ ಹರಿದದ್ದು 1933ರಲ್ಲಿ.

ನಾನು ಆಗ ಚಳ್ಳಕೆರೆಯಲ್ಲಿ ಪತ್ರಿಕೆಯ ವರದಿಗಾರ. ಈಗಲೂ ಅದೇ ಕೆಲಸ. ದಿನಾ ಬೆಳಿಗ್ಗೆ ಅಣೆಕಟ್ಟೆಗೆ ಫೋನ್ ಮಾಡಿ ನೀರಿನ ಮಟ್ಟ ಕೇಳಿ, ಪುಟದ ಮೂಲೆಯ ಚೌಕಕ್ಕೆ ಕಳಿಸುವುದು ಆ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದಿತ್ತು. ನೂರಾ ಮೂವತ್ತು ಅಡಿಗೆ ಅಣೆಕಟ್ಟು ಭರ್ತಿ. ನೂರಿಪ್ಪತ್ತೈದು ದಾಟಿದ ಮೇಲೆ ಊರಿನಲ್ಲಿ ಯಾರೂ ಯಾರನ್ನೂ 'ಊಟ ಆಯ್ತಾ' ಎಂದು ಕೇಳಲಿಲ್ಲ. 'ಎಷ್ಟಡಿ ಆಯ್ತು' ಎಂದು ಕೇಳುತ್ತಿದ್ದರು. ಬಾಳೆಹಣ್ಣಿನ ಗಾಡಿಯ ಭಾಯ್ ಗಿರಾಕಿಗಳಿಗೆ ಹಣ್ಣು ಕೊಡುವ ಮೊದಲು ಅಡಿ ಹೇಳುತ್ತಿದ್ದ. ಬಸ್ ನಿಲ್ದಾಣದಲ್ಲಿ ಒಬ್ಬ ಕಂಡಕ್ಟರ್ 'ನಾಯಕನಹಟ್ಟಿ, ನಾಯಕನಹಟ್ಟಿ, ನೂರಿಪ್ಪತ್ತೆಂಟೂವರೆ' ಎಂದು ಕೂಗುತ್ತಿದ್ದ. ಹತ್ತಲು ಹೊರಟಿದ್ದ ಅಜ್ಜಿಯೊಬ್ಬಳು ಅದು ಟಿಕೆಟ್ಟಿನ ದರವೆಂದುಕೊಂಡು ಅವನಿಗೆ ಬೈದು ಕೆಳಗಿಳಿದಳು.

ಎಣ್ಣೆ ಮಿಲ್ಲಿನ ಮಾಲೀಕರೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು.

"ಏನ್ರೀ, ನೂರಿಪ್ಪತ್ತೊಂಬತ್ತು ಅಂತ ಹಾಕಿದ್ದೀರಲ್ಲ, ಇನ್ನರ್ಧ ಸೇರ್ಸಿ ಹಾಕ್ರಿ. ಜನಕ್ಕೆ ಖುಷಿ ಆಗ್ಲಿ."

"ಸೇರಿಸಿದ್ರೆ ನೀರು ಜಾಸ್ತಿ ಆಗಲ್ಲ ಸಾಹುಕಾರ್ರೇ."

"ಕಮ್ಮಿನೂ ಆಗಲ್ವಲ್ಲ!"

ನಾನು ಸೇರಿಸಲಿಲ್ಲ. ಮಾರನೆಯ ದಿನ ನೀರೇ ಸೇರಿಸಿಕೊಂಡಿತು. ಅವರು ಫೋನ್ ಮಾಡಿ, ತಾವು ಹೇಳಿದ್ದೇ ಸರಿಯಾಯಿತೆಂದು ಇಡೀ ಮಿಲ್ಲಿಗೆ ಮೈಸೂರುಪಾಕು ಹಂಚಿದ್ದಾಗಿ ತಿಳಿಸಿದರು.

ಹೀಗೆ ಇಡೀ ತಾಲ್ಲೂಕು ನೀರು ಬರಲಿ, ಬೇಗ ಬರಲಿ ಎನ್ನುತ್ತಿದ್ದಾಗ, ಎರಡು ದಿನ ತಡವಾಗಿ ಬಂದರೆ ಸಾಕು ಎಂದುಕೊಳ್ಳುತ್ತಿದ್ದವಳು ನನಗೆ ಗೊತ್ತಿದ್ದಂತೆ ಒಬ್ಬಳೇ. ಆಕೆ ನಮ್ಮಕ್ಕನ ಮನೆಯಲ್ಲಿದ್ದಳು.

ಅಕ್ಕನ ಮನೆ ವೇದಾವತಿಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿದೆ. ಅಲ್ಲಿ ಹೊಳೆ ಎಂದರೆ ಮರಳು. ಸುತ್ತಿನ ಹಳ್ಳಗಳಿಗೆ ಜೋರು ಮಳೆ ಬಿದ್ದಾಗ ಒಂದೆರಡು ದಿನ ಕೆಂಪು ನೀರು ಹರಿದು ಇಂಗಿಹೋಗುತ್ತದೆ. ಉಳಿದ ದಿನಗಳಲ್ಲಿ ಎಮ್ಮೆ, ಟ್ರ್ಯಾಕ್ಟರು, ಮದುವೆಗೆ ಹೊರಟ ಜನ ಎಲ್ಲ ಅದರ ನಡುವೆಯೇ ಅಡ್ಡದಾರಿ ಹಿಡಿಯುತ್ತಾರೆ. ಮದುವೆಯಾದ ಹೊಸತರಲ್ಲಿ ಅಕ್ಕ ಭಾವನನ್ನು ಕೇಳಿದ್ದಳಂತೆ: "ನಿಮ್ಮೂರಾಗೆ ಹೊಳೆ ಐತೆ ಅಂತ ಹೇಳಿ ಕೊಟ್ರು, ಎಲ್ಲೈತೆ?" ಭಾವ ಹೇಳಿದ್ದನಂತೆ: "ಅದ್ರ ಮ್ಯಾಲೇ ನಿಂತಿದ್ದೀಯ."

ಅಕ್ಕನ ಮನೆಯಲ್ಲಿದ್ದಾಕೆ ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿದ್ಯಾರ್ಥಿನಿ. ಮಂಡ್ಯದ ಕಡೆಯವಳು, ಕಾಲುವೆಯಲ್ಲಿ ನೀರು ನೋಡಿ ಬೆಳೆದವಳು. ಸಾವಿರಾರು ವರ್ಷಗಳಲ್ಲಿ ಮುಂಗಾರು ಹೇಗೆ ಬಲವಾಯಿತು, ಹೇಗೆ ಸೊರಗಿತು, ಅದರಿಂದ ಹೊಳೆಯ ಕಣಿವೆ ಹೇಗೆ ಬದಲಾಯಿತು ಎಂಬುದು ಆಕೆಯ ವಿಷಯ. ಹಿಂದಿನ ಬೇಸಿಗೆಯಲ್ಲಿ ಮೊಳಕಾಲ್ಮುರು ತಾಲ್ಲೂಕಿನ ಹಳ್ಳಗಳಲ್ಲಿ ಕೆಲಸ ಮಾಡಿದ್ದಳು. ನಮ್ಮೂರು ಕೊಂಡ್ಲಹಳ್ಳಿ. ಅಲ್ಲಿ ನಮ್ಮ ಹೊಲದ ಪಕ್ಕದ ಹಳ್ಳದಲ್ಲಿ ಗುಂಡಿ ತೋಡುತ್ತಿದ್ದವಳನ್ನು ಬಿಸಿಲಿನಲ್ಲಿ ನೋಡಲಾಗದೆ ಅವ್ವ ಮನೆಗೆ ಕರೆದು ಮಜ್ಜಿಗೆ ಕೊಟ್ಟಿದ್ದಳು. ನಾನು ಆ ದಿನ ಊರಲ್ಲಿದ್ದೆ.

"ಏನಮ್ಮಾ ನೀನು ಮಾಡೋದು?" ಎಂದು ಅವ್ವ ಕೇಳಿದಳು.

"ಮರಳು ಯಾವಾಗಿನದು ಅಂತ ನೋಡ್ತೀನಮ್ಮ."

"ಮರಳಿಗೆ ಜಾತ್ಕ ಬರೀತೀಯಾ? ಬರ್ದು ಯಾರಿಗೆ ಮದ್ವೆ ಮಾಡ್ತೀಯ?"

ಹಿತ್ತಿಲ ಗೋಡೆಯಾಚೆ ಕಿವಿಗೊಟ್ಟಿದ್ದ ಪಕ್ಕದ ಮನೆಯಾಕೆ ತೆಲುಗಿನಲ್ಲಿ ಏನೋ ಹೇಳಿ ನಕ್ಕಳು. ಅವ್ವನೂ ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು. ಏನೆಂದು ಕೇಳಿದರೆ ಇಬ್ಬರೂ ಹೇಳಲಿಲ್ಲ. ಈ ಮಳೆಗಾಲ ಆಕೆಗೆ ವೇದಾವತಿಯ ದಂಡೆಯಲ್ಲಿ ಉಳಿಯಲು ಮನೆ ಬೇಕಾದಾಗ ಅವ್ವನೇ ಅಕ್ಕನಿಗೆ ಫೋನ್ ಮಾಡಿ, "ಹುಡ್ಗಿ ಒಳ್ಳೇದು, ಊಟ ಮಾತ್ರ ಮಾಡಲ್ಲ, ಬಡ್ದು ತಿನ್ಸು" ಎಂದಳು.

ಅಕ್ಕನ ಮನೆಯಿಂದ ಕೂಗಳತೆ ದೂರದಲ್ಲಿ ಹೊಳೆ ತಿರುಗುವ ಜಾಗ. ತಿರುವಿನ ಹೊರಮೈಯಲ್ಲಿ ದಂಡೆ ಗೋಡೆಯ ಹಾಗೆ ನಿಂತಿತ್ತು, ಎರಡಾಳು ಎತ್ತರ. ಮೇಲ್ಮಣ್ಣನ್ನು ಕೆರೆದು ಆಕೆ ಅದರ ಪದರಗಳನ್ನು ತೋರಿಸಿದ್ದಳು. ತಳದಲ್ಲಿ ಉರುಟು ಕಲ್ಲು, ದಪ್ಪ ಮರಳು. ಅದರ ಮೇಲೆ ನುಣ್ಣನೆಯ ಬೂದು ಮೆಕ್ಕಲು. ಮೆಕ್ಕಲಿನ ನಡುವೆ ಸುಣ್ಣದ ಗಂಟುಗಳ ಬಿಳಿ ಸಾಲು. ಎಲ್ಲದರ ಮೇಲೆ ಕೆಂಪು ಮಣ್ಣು, ಅದರ ಮೇಲೆ ಭಾವನ ತೊಗರಿ.

ಮಳೆಗಾಲಗಳು ಬಲವಾಗಿದ್ದ ಕಾಲದಲ್ಲಿ ಹೊಳೆ ಕಲ್ಲುಗಳನ್ನೇ ಉರುಳಿಸಿಕೊಂಡು ಬರುತ್ತದೆ, ಕಣಿವೆಯನ್ನು ಆಳಕ್ಕೆ ಕೊರೆಯುತ್ತದೆ. ಮಳೆ ಸೊರಗಿದರೆ ಹೊತ್ತ ಹೊರೆಯನ್ನು ಸಾಗಿಸಲು ನೀರಿಗೆ ಆಗುವುದಿಲ್ಲ. ಇಳಿಸಿಬಿಡುತ್ತದೆ, ಕಣಿವೆ ತುಂಬುತ್ತಾ ಬರುತ್ತದೆ. ಇನ್ನೂ ಒಣಗಿದರೆ ಮಣ್ಣಿನ ತೇವ ಆವಿಯಾಗಿ, ಅದರಲ್ಲಿ ಕರಗಿದ್ದ ಸುಣ್ಣ ಗಂಟುಕಟ್ಟುತ್ತದೆ. ಮತ್ತೆ ಮುಂಗಾರು ಜೋರಾದಾಗ, ಗಿಡಮರವಿಲ್ಲದೆ ಬೋಳಾಗಿದ್ದ ಗುಡ್ಡಗಳಿಂದ ಮಣ್ಣೆಲ್ಲ ಒಮ್ಮೆಗೇ ಇಳಿದುಬರುತ್ತದೆ. ಗುಡ್ಡಕ್ಕೆ ಹಸಿರು ಹತ್ತಿದ ಮೇಲೆ ಹೊಳೆ ತಾನು ತುಂಬಿದ್ದನ್ನು ತಾನೇ ಕೊರೆಯಲು ಶುರುಮಾಡುತ್ತದೆ. ಇದನ್ನೆಲ್ಲ ಆಕೆ ಅಕ್ಕನಿಗೆ ಒಂದು ಸಂಜೆ ಜಗುಲಿಯ ಮೇಲೆ ವಿವರಿಸಿದಳು. ಅಕ್ಕ ಮೊರದಲ್ಲಿ ಶೇಂಗಾ ಬೀಜ ಕೇರುತ್ತಾ ಕೇಳಿಸಿಕೊಂಡಳು.

"ಗಾಳಿ ಜೋರಿದ್ರೆ ಕಾಳೂ ಹಾರ್ತೈತೆ, ಮೆಲ್ಲಗಿದ್ರೆ ಸಿಪ್ಪೆ ಕಾಲತ್ರಾನೇ ಬೀಳ್ತೈತೆ. ಅಷ್ಟೇ ತಾನೇ?"

"ಅಷ್ಟೇ ಅಕ್ಕ."

"ಇಷ್ಟಕ್ಕೆ ಐದು ವರ್ಷ ಓದ್ತಾರಾ?"

ಭಾವ ಮಧ್ಯೆ ಬಾಯಿ ಹಾಕಿದ. "ನೀನು ಇಪ್ಪತ್ತು ವರ್ಷದಿಂದ ಕೇರ್ತಾನೇ ಇದ್ದೀಯಲ್ಲ, ಅದಕ್ಕೇನಂತಾರೆ?"

ಮೊರದಲ್ಲಿದ್ದ ಸಿಪ್ಪೆ ಅವನ ತಲೆಯ ಮೇಲೆ ಬಿತ್ತು.

ಆಕೆಗೆ ಬೇಕಾಗಿದ್ದದ್ದು ತಳದ ದಪ್ಪ ಮರಳು. ಮೇಲಿನ ಪದರಗಳು ಕೆಳಗಡೆಯ ಊರುಗಳಲ್ಲೂ ಸಿಕ್ಕಿದ್ದವು. ಹೊಳೆ ಬಲವಾಗಿ ಹರಿದ ಕಾಲದ ಆ ಮರಳು ಕಣ್ಣಿಗೆ ಬಿದ್ದದ್ದು ಈ ತಿರುವಿನಲ್ಲಿ ಮಾತ್ರ. ಅದು ಸಿಗದಿದ್ದರೆ ಪ್ರಬಂಧದ ಮುಖ್ಯ ಅಧ್ಯಾಯವೇ ಇಲ್ಲ ಎಂದು ಆಕೆಯ ಮಾರ್ಗದರ್ಶಕರು ಹೇಳಿದ್ದರು. ಮರಳಿನ ವಯಸ್ಸು ಅಳೆಯುವ ಕ್ರಮ ವಿಚಿತ್ರ. ಮರಳಿನ ಕಣ ಮಣ್ಣಿನಡಿ ಹೂತುಹೋದ ಮೇಲೆ ಸುತ್ತಲಿನ ಮಣ್ಣಿನ ವಿಕಿರಣದಿಂದ ಸಣ್ಣಗೆ ಶಕ್ತಿ ಕೂಡಿಹಾಕಿಕೊಳ್ಳುತ್ತಾ ಹೋಗುತ್ತದೆ. ಬಿಸಿಲು ಬಿದ್ದರೆ ಅದಷ್ಟೂ ಅಳಿಸಿಹೋಗುತ್ತದೆ. ಆದ್ದರಿಂದ ಕಣದಲ್ಲಿ ಎಷ್ಟು ಕೂಡಿದೆ ಎಂದು ಅಳೆದರೆ, ಅದು ಕೊನೆಯ ಬಾರಿಗೆ ಬಿಸಿಲು ಕಂಡದ್ದು ಯಾವಾಗ ಎಂದು ಗೊತ್ತಾಗುತ್ತದೆ. ಪ್ರಯೋಗಾಲಯ ತಲುಪುವವರೆಗೆ ಅದರ ಮೇಲೆ ಬೆಳಕು ಬೀಳಬಾರದು. ಅದಕ್ಕಾಗಿ ದಂಡೆಗೆ ಉಕ್ಕಿನ ಪೈಪು ಹೊಡೆದು, ಕಪ್ಪು ಟಾರ್ಪಾಲಿನ ಮರೆಯಲ್ಲಿ ಹೊರತೆಗೆದು, ಎರಡೂ ಬಾಯಿಗೆ ಮುಚ್ಚಳ ಹಾಕಿ ಕಪ್ಪು ಟೇಪು ಸುತ್ತುತ್ತಾರೆ.

ಅಣೆಕಟ್ಟು ತುಂಬಲು ಇನ್ನೇನು ಬೆರಳಷ್ಟು ಬಾಕಿ ಎನ್ನುವಾಗ ಆಕೆ ತಳದ ಪದರದಿಂದ ಪೈಪು ತೆಗೆದಳು. ಅದನ್ನು ಅಕ್ಕನ ಉಗ್ರಾಣದಲ್ಲಿ, ಶೇಂಗಾ ಮೂಟೆಗಳ ಸಂದಿಯಲ್ಲಿ ಮಲಗಿಸಿ, ಟಾರ್ಪಾಲು ಮತ್ತು ಉಳಿದ ಸಾಮಾನನ್ನು ಬಸ್ಸಿಗೆ ಹಾಕಿ ಕಳಿಸಲು ಮಾರನೆಯ ದಿನ ನಸುಕಿನಲ್ಲೇ ಹೊರಟು ಚಳ್ಳಕೆರೆಗೆ ಬಂದಳು. ಪೈಪನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದಳು. ಸಾಮಾನು ಹೋಯಿತು. ನನ್ನ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಅಣೆಕಟ್ಟೆಯಿಂದ ಫೋನ್ ಬಂತು. ಕೋಡಿ ಬಿದ್ದಿತ್ತು.

ನಾನು ಸುದ್ದಿ ಬರೆದು ಕಳಿಸಿದೆ. ಬೀದಿಯಲ್ಲಿ ಪಟಾಕಿ ಹಾರುತ್ತಿತ್ತು. ಅಕ್ಕನ ಊರಿಗೆ ಹೋಗುವ ಬಸ್ಸು ಅಣೆಕಟ್ಟೆ ನೋಡಲು ಹೊರಟವರ ಗುಂಪಿಗೆ ಸಿಕ್ಕಿ, ಎಂದಿನ ದಾರಿ ಬಿಟ್ಟು ಎಲ್ಲಿಗೋ ಹೋಯಿತೆಂದು ಗೊತ್ತಾಯಿತು. ಬೈಕಿನಲ್ಲಿ ಆಕೆಯನ್ನು ಕರೆದುಕೊಂಡು ಹೊರಟೆ.

ಮನೆ ತಲುಪುವ ಹೊತ್ತಿಗೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ವಾರದ ಮೋಡದ ನಂತರ ಬಂದ ಬಿಸಿಲು. ಮಾಳಿಗೆಯ ಮೇಲಿಂದ ಅಕ್ಕ ಕೂಗಿದಳು: "ಬಂದ್ರಾ? ನಿನ್ನ ಮರಳು ಒಣಗೈತೆ ಕಣವ್ವ, ತಗಂಡೋಗು!"

ಏಣಿ ಹತ್ತಿ ಮೇಲೆ ಹೋದೆವು. ಒಂದು ಕಡೆ ಶೇಂಗಾ ಹರಡಿತ್ತು. ಅದರ ಪಕ್ಕ ಹಳೆಯ ಸೀರೆ ಹಾಸಿ, ಅಂಚಿಗೆ ನಾಲ್ಕು ಕಲ್ಲಿಟ್ಟು, ತಳದ ಪದರದ ಮರಳನ್ನು ತೆಳ್ಳಗೆ ಹರಡಿದ್ದಳು. ಹಕ್ಕಿ ಬಾಯಿ ಹಾಕದಂತೆ ಮೇಲೊಂದು ಬಲೆ.

ಕಾರಣ ಸ್ಪಷ್ಟವಾಗಿತ್ತು. ಮರಳು ಹಸಿಯಾಗಿತ್ತು, ಪೈಪಿನ ಮುಚ್ಚಳದ ಸಂದಿಯಿಂದ ನೀರು ಜಿನುಗಿ ಪಕ್ಕದ ಮೂಟೆ ತೇವವಾಗಿತ್ತು. ಶೇಂಗಾ ಬೆಳೆಯುವ ಯಾವ ಮನೆಯಲ್ಲೂ ಹಸಿ ಮಾಲನ್ನು ಬಾಯಿ ಕಟ್ಟಿ ಇಡುವುದಿಲ್ಲ. ಬೂಸ್ಟು ಹಿಡಿದರೆ ಬೀಜ ಕಹಿ, ಮಿಲ್ಲಿನವನು ಮೂಸಿ ವಾಪಸು ಕಳಿಸುತ್ತಾನೆ. ಓದಿದ ಹುಡುಗಿಗೆ ಇಷ್ಟು ಗೊತ್ತಿಲ್ಲವಲ್ಲ ಎಂದು ಮರುಗಿ ಅಕ್ಕ ಟೇಪು ಕೊಯ್ದಿದ್ದಳು.

"ಎಷ್ಟು ಹೊತ್ತಾಯ್ತು ಅಕ್ಕ ಹಾಕಿ?" ಎಂದು ಹುಡುಗಿ ಕೇಳಿದಳು.

"ಹೊತ್ತುಟ್ಟಿದಾಗಿಂದ. ಎರಡು ಸಲ ಕೈಯಾಡ್ಸಿದ್ದೀನಿ. ತಳದಾಗಿರೋದು ಒಣಗಬೇಕಲ್ಲ."

ಆಕೆ ಮಾಳಿಗೆಯ ಮೇಲೆ ಕುಳಿತುಬಿಟ್ಟಳು. ಆಮೇಲೆ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. "ಎಷ್ಟೋ ಸಾವಿರ ವರ್ಷ... ಎಷ್ಟೋ ಸಾವಿರ ವರ್ಷ ಬಚ್ಚಿಟ್ಟುಕೊಂಡಿತ್ತು... ಎರಡು ಸಲ ಕೈಯಾಡ್ಸಿದ್ದಾರೆ" ಎನ್ನುತ್ತಾ ಹೊಟ್ಟೆ ಹಿಡಿದುಕೊಂಡು ಉರುಳಿದಳು. ಕಣ್ಣಲ್ಲಿ ನೀರೂ ಬರುತ್ತಿತ್ತು. ಏಣಿಯಿಂದ ತಲೆ ಹೊರಹಾಕಿದ ಭಾವ, "ಬಿಸಿಲು ಬಡೀತೇನೋ, ಈರುಳ್ಳಿ ಮೂಸಿಸ್ರಿ" ಎಂದ.

ನಾನು ಅಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಮರಳು ಬಿಸಿಲು ಕಾಣಬಾರದಿತ್ತು. ಇನ್ನು ಅದು ಪಾತ್ರೆ ತಿಕ್ಕುವುದಕ್ಕಷ್ಟೇ ಸರಿ. ಮತ್ತೆ ತೆಗೆಯೋಣವೆಂದರೆ ಕೋಡಿ ಬಿದ್ದಿದೆ, ನೀರು ಬರುತ್ತಿದೆ. ಬಂದರೆ ಮುಳುಗುವ ಮೊದಲ ಪದರವೇ ತಳದ್ದು. ಟಾರ್ಪಾಲು ಬಸ್ಸಿನಲ್ಲಿ ಹೊರಟುಹೋಗಿದೆ.

ಅಕ್ಕ ಕೈ ಬಾಯಿಗೆ ಇಟ್ಟುಕೊಂಡಳು. ಅವಳ ಮುಖ ನೋಡಿ ಹುಡುಗಿಗೆ ಮತ್ತೆ ನಗು ಉಕ್ಕಿತು. ಅದನ್ನು ನೋಡಿ ಅಕ್ಕನೂ ಶುರುಮಾಡಿದಳು. ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ, ಸುಸ್ತಾಗುವವರೆಗೆ ನಕ್ಕರು. ಆಮೇಲೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು ಗಂಡನಿಗೆ ಹೇಳಿದಳು: "ನೋಡ್ತಾ ನಿಂತೀಯಲ್ಲ, ಹೋಗು, ಮನೆಮನೇಗೆ ಹೋಗಿ ಕಂಬ್ಳಿ ಇಸ್ಕೊಂಡು ಬಾ. ಕರೇವೇ ತಾ."

ಚಳ್ಳಕೆರೆಯ ಕರಿ ಕಂಬಳಿ ಕುರಿಯ ಉಣ್ಣೆಯದು, ಗಂಜಿ ಹಾಕಿ ಗಟ್ಟಿ ಮಾಡಿದ್ದು. ಎರಡು ಮಡಿಕೆ ಹೊದ್ದರೆ ಮಧ್ಯಾಹ್ನದಲ್ಲೂ ಕತ್ತಲು. ಭಾವ ಒಂದು ಹೊರೆ ಹೊತ್ತು ತಂದ. ಕಂಬಳಿಯ ಜೊತೆ ಅದರ ಒಡೆಯರೂ ಬಂದರು, ಏನು ನಡೆಯುತ್ತದೋ ನೋಡಲು.

ಕೋಡಿ ನೀರು ಆ ಊರಿಗೆ ಯಾವಾಗ ತಲುಪುತ್ತದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹಿಂದಿನ ಸಲ ಕಂಡವರು ಈಗ ಇಲ್ಲ. ನಡುವಿನ ಒಡ್ಡುಗಳು ಆಗಲೇ ಮಳೆಗೆ ತುಂಬಿದ್ದರಿಂದ ಎಲ್ಲೂ ನಿಲ್ಲುವುದಿಲ್ಲ ಎಂದು ಕೆಲವರು ಹೇಳಿದರು. ನಾಳೆ ಎಂದು ಒಬ್ಬರು, ಇವತ್ತು ರಾತ್ರಿ ಎಂದು ಇನ್ನೊಬ್ಬರು. ಹೊಳೆಗೆ ಇಳಿಯಬಾರದೆಂದು ಧ್ವನಿವರ್ಧಕ ಕಟ್ಟಿದ ಆಟೊ ಸಾರುತ್ತಾ ಹೋಯಿತು. ಅದನ್ನು ಕೇಳಿದ ಮೇಲೆ ಇನ್ನಷ್ಟು ಜನ ಹೊಳೆಯ ಕಡೆ ಹೊರಟರು. ನಾನು ಮೇಲಿನ ಊರಿನ ಇಬ್ಬರಿಗೆ ಫೋನ್ ಹಚ್ಚಿ, ನೀರು ಸೇತುವೆಗೆ ಬಂದ ಕೂಡಲೇ ತಿಳಿಸಬೇಕೆಂದು ಹೇಳಿಟ್ಟೆ.

ದಂಡೆಯ ಬುಡದಲ್ಲಿ ಗಳ ನೆಟ್ಟು, ಕಂಬಳಿಗಳನ್ನು ಒಂದರ ಮೇಲೊಂದು ಇಳಿಬಿಟ್ಟು ಗುಡಾರ ಮಾಡಿದರು. ಹುಡುಗಿ ಮತ್ತು ಭಾವ ಒಳಹೊಕ್ಕರು. ಹಣೆದೀಪ, ಕಪ್ಪು ಟೇಪು ಎರಡೂ ಪುಣ್ಯಕ್ಕೆ ಆಕೆಯ ಹೆಗಲ ಚೀಲದಲ್ಲೇ ಉಳಿದಿದ್ದವು. ಹಣೆಗೆ ಕಟ್ಟಿಕೊಂಡಿದ್ದ ಆ ಪುಟ್ಟ ದೀಪ ಕೆಂಪು ಬಣ್ಣದ್ದು, ಆ ಬೆಳಕು ಮರಳಿಗೆ ತಾಗುವುದಿಲ್ಲವಂತೆ. ಬೆಳಕು ಕಂಡ ಹೊರಮೈಯನ್ನು ಮೊದಲು ಮೊಳದಷ್ಟು ಒಳಕ್ಕೆ ಕೆರೆದು ತೆಗೆಯಬೇಕು. ಆಮೇಲೆ ಅಕ್ಕ ಬರಿದು ಮಾಡಿದ್ದ ಅದೇ ಪೈಪನ್ನು ಹೊಡೆಯಬೇಕು. ಅಕ್ಕ ಗುಡಾರದ ಬಾಯಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ನನ್ನ ಕೈಗೆ ಕಂಬಳಿಯ ಒಂದು ಮೂಲೆ ಕೊಟ್ಟು, "ಗಾಳಿಗೆ ಎದ್ರೆ ನಿನ್ನ ಕತೆ ಮುಗೀತು ತಮ್ಮ" ಎಂದಳು.

ಮೊದಲ ಸಲ ಪೈಪು ಕಲ್ಲಿಗೆ ಬಡಿಯಿತು. ಎರಡನೆಯ ಸಲವೂ. ಪೈಪಿನ ಬಾಯಿ ಮಡಚಿಕೊಂಡಿತು. ಭಾವ ಅದನ್ನು ಒಳಗೇ ಬಡಿದು ನೇರ ಮಾಡಿದ. ಟಂಗ್ ಟಂಗ್ ಎಂಬ ಸದ್ದು ಹೊಳೆಯುದ್ದಕ್ಕೂ ಕೇಳುತ್ತಿತ್ತು.

ಆ ಹೊತ್ತಿಗೆ ಹೊಸ ನೀರಿಗೆ ಪೂಜೆ ಮಾಡಲು ಪಕ್ಕದ ಊರಿನವರು ಎರಡು ಟ್ರ್ಯಾಕ್ಟರ್ ತುಂಬ ಬಂದಿಳಿದರು. ಕಳಸ, ಹೂವು, ತಮಟೆ ಎಲ್ಲವೂ ಇತ್ತು. ಅವರಿಗೆ ಕಂಡದ್ದು ಇಷ್ಟು: ಹೊಳೆಯ ಪಾತ್ರದ ಅಂಚಿನಲ್ಲಿ ಕರಿ ಕಂಬಳಿ, ಬಾಗಿಲಲ್ಲಿ ಅಲುಗದೆ ಕುಳಿತ ಹೆಂಗಸು, ಒಳಗಿನಿಂದ ಲೋಹದ ನಾದ. ನಮ್ಮ ಕಡೆ ಕರಿ ಕಂಬಳಿ ಹಾಸಿದರೆ ಅದು ದೇವರ ಗದ್ದುಗೆ. ಒಬ್ಬಾಕೆ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಎಲ್ಲರೂ ಬಿಟ್ಟರು. ನಾನು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಮೊದಲ ತೆಂಗಿನಕಾಯಿ ಒಡೆದಿತ್ತು.

"ಯಾವ ದೇವ್ರಮ್ಮ?" ಎಂದು ಮೊದಲು ಚಪ್ಪಲಿ ಬಿಟ್ಟಾಕೆ ಅಕ್ಕನನ್ನು ಕೇಳಿದಳು.

"ದೇವ್ರಲ್ಲವ್ವ, ಒಳಗೊಂದು ಹುಡ್ಗಿ ಐತೆ."

"ಹುಡ್ಗಿ ಮೈಮ್ಯಾಲೆ ಬಂದೈತಾ?"

"ಮೈಮ್ಯಾಲೆ ಎಂಥದೂ ಬಂದಿಲ್ಲ. ಮರಳು ತೆಗೀತೈತೆ."

ಆಕೆ ಹಿಂದಕ್ಕೆ ತಿರುಗಿ ಸಾರಿದಳು: "ಮರಳು ಪ್ರಸಾದ ಕೊಡ್ತೈತಂತೆ!"

ಅಕ್ಕ ನನ್ನ ಕಡೆ ನೋಡಿದಳು. ನಾನು ಪತ್ರಿಕೆಯವನು, ವಿಷಯ ಸ್ಪಷ್ಟಪಡಿಸುವುದು ನನ್ನ ಕೆಲಸ. ಎರಡು ಹೆಜ್ಜೆ ಮುಂದೆ ಬಂದು, ಇದು ವೈಜ್ಞಾನಿಕ ಅಧ್ಯಯನ, ಮಳೆಯ ಇತಿಹಾಸಕ್ಕೆ ಸಂಬಂಧಪಟ್ಟದ್ದು ಎಂದು ಜೋರಾಗಿ ಹೇಳಿದೆ. ತಮಟೆಯವನು ಅದನ್ನೇ ಸನ್ನೆ ಎಂದುಕೊಂಡು ಬಾರಿಸಲು ಶುರುಮಾಡಿದ.

ಆಗ ಒಳಗಿನಿಂದ ಫಟ್ ಎಂದು ಸದ್ದು ಬಂತು. ಭಾವನ ಸುತ್ತಿಗೆಯ ಕಾವು ಮುರಿದಿತ್ತು. ಪೈಪು ಕಲ್ಲುಗಳ ಸಂದಿ ಹಿಡಿದು ಅರ್ಧ ಇಳಿದಿತ್ತು.

"ಅಕ್ಕಾ! ಸುತ್ತಿಗೆ ಬೇಕು! ದೊಡ್ಡದು!"

ಜನರಲ್ಲಿ ಸಂಚಲನ. "ಸುತ್ತಿಗೆ ಕೇಳ್ತೈತೆ! ಸುತ್ತಿಗೆ!" ನಾಲ್ಕು ಕಡೆಗೆ ಜನ ಓಡಿದರು. ಟ್ರ್ಯಾಕ್ಟರಿನ ಡಬ್ಬಿಯಿಂದ ಒಂದು ಭಾರಿ ಸುತ್ತಿಗೆ ಬಂತು. ತಡವೇನೂ ಆಗಲಿಲ್ಲ, ಆದರೂ ಅಷ್ಟರಲ್ಲಿ ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾವಿಗೆ ಸೇವಂತಿಗೆ ಸುತ್ತಿದ್ದರು. ಅಕ್ಕ ಕಂಬಳಿಯ ಕೆಳಗಿಂದ ತೂರಿಸಿದಳು.

"ಇದೇನೇ ಇದು, ಹೂವು?" ಎಂದಿತು ಭಾವನ ಧ್ವನಿ.

"ಹೊಡೀರಿ ಭಾವ, ಹೊಡೀರಿ" ಎಂದಿತು ಹುಡುಗಿಯ ಧ್ವನಿ. ಆಕೆ ನಗುತ್ತಿದ್ದಳು, ಕಂಬಳಿ ಅಲುಗುತ್ತಿತ್ತು.

ನನ್ನ ಫೋನ್ ಬಡಿದುಕೊಂಡಿತು. ಮೇಲಿನ ಊರಿನಿಂದ. ನೀರು ಸೇತುವೆ ದಾಟಿ ಆಗಲೇ ಹೊತ್ತಾಗಿದೆ, ಖುಷಿಯಲ್ಲಿ ಹೇಳುವುದು ಮರೆತೆ ಎಂದ ಅಲ್ಲಿಯವನು. ನಾನು ತಲೆಯೆತ್ತಿ ನೋಡುವಾಗ ತಿರುವಿನಾಚೆಯಿಂದ ಕೂಗು ಎದ್ದಿತ್ತು.

ಹೊಳೆ ಓಡಿ ಬರಲಿಲ್ಲ, ನಡೆದು ಬಂತು. ಒಣ ಮರಳಿನ ಮೇಲೆ ಕಂದು ನೊರೆಯ ನಾಲಗೆಗಳು ಮುಂದೆ ಮುಂದೆ, ಅವುಗಳ ಹಿಂದೆ ಅಗಲವಾದ ನೀರು. ನೊರೆಯ ಮೇಲೆ ಒಣ ಸೊಪ್ಪು, ತೆಂಗಿನ ಚಿಪ್ಪು, ಒಂಟಿ ಚಪ್ಪಲಿಗಳು. ತಗ್ಗು ಸಿಕ್ಕಿದಲ್ಲಿ ನಿಂತು ತುಂಬಿಕೊಂಡು ಮತ್ತೆ ಹೊರಡುತ್ತಿತ್ತು. ಜನ ಹುಚ್ಚೆದ್ದು ಕುಣಿದರು. ಮೀಸೆಯ ಹಿರಿಯರೊಬ್ಬರು ಪಂಚೆ ಎತ್ತಿಕಟ್ಟಿ ನೀರಿಗೆ ಎದುರಾಗಿ ನಿಂತು, ಅದು ಪಾದ ಮುಟ್ಟಿದ ಕೂಡಲೇ, ಯಾರೋ ಕಚಗುಳಿ ಇಟ್ಟ ಹಾಗೆ ಕಿಲಕಿಲನೆ ನಕ್ಕರು. ಅವರಿಗೆ ಎಂಬತ್ತರ ಮೇಲಾಗಿತ್ತು. ಹೆಂಗಸರು ಕುಂಕುಮ, ಹೂವು, ಬಳೆ ಎಸೆದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆಯುತ್ತಾ ಹಿಂದೆ ಹಿಂದೆ ನಡೆದು ತಗ್ಗಿನಲ್ಲಿ ಬಿದ್ದ. ಎತ್ತಲು ಹೋದವರೂ ಬಿದ್ದರು. ಎದ್ದವರು ತಾವಾಗಿಯೇ ಮತ್ತೆ ಬಿದ್ದರು.

"ಅಮ್ಮಾಜಿ, ನೀರು ಬಂತು! ಹೊರಗ್ ಬನ್ನಿ!" ಎಂದು ಒಬ್ಬ ಕಂಬಳಿಗೆ ಕೈ ಹಾಕಿದ.

ಅಕ್ಕ ಎದ್ದು ನಿಂತಳು. "ಲೇ, ಕಂಬ್ಳಿ ಎತ್ತಿದ್ರೆ ನಿನ್ನ ಕೈ ನಿನ್ ತಾವ ಇರಲ್ಲ. ಒಂದು ಸಲ ಬಿಸಿಲಿಗೆ ಹಾಕಿ ನಾನು ಪಾಪ ಕಟ್ಕೊಂಡಿದ್ದು ಸಾಕು. ಹಿಂದಕ್ಕೆ ಹೋಗು!"

ಅವನು ಕೈಮುಗಿದು ಹಿಂದಕ್ಕೆ ಹೋದ. ಉಳಿದವರೂ ಕೈಮುಗಿದರು.

ನೀರು ಅಕ್ಕನ ಪಾದಕ್ಕೆ ಬಂತು, ಕಂಬಳಿಯ ಅಂಚು ತೊಯ್ಯಿತು. ಒಳಗೆ ಸುತ್ತಿಗೆ ನಿಂತು, ಏದುಸಿರು ಕೇಳಿಸಿತು. ಪೈಪು ಪೂರ್ತಿ ಇಳಿದಿದೆ, ಈಚೆ ಬರುತ್ತಿಲ್ಲ ಎಂದು ಭಾವ ಕೂಗಿದ. ತಿರುಗಿಸಿ ಎಳೆಯಿರಿ ಎಂದಳು ಹುಡುಗಿ. ಕಂಬಳಿಯೊಳಗೆ ಕುಸ್ತಿ ನಡೆದಂತೆ ಗುಡಾರ ಉಬ್ಬಿತು, ತಗ್ಗಿತು. ನೀರು ನನ್ನ ಮೊಣಕಾಲು ಮುಟ್ಟುವಾಗ ಒಳಗಿನಿಂದ ಇಬ್ಬರೂ ಒಟ್ಟಿಗೆ ಕಿರುಚಿ ಹಿಂದಕ್ಕೆ ಬಿದ್ದರು. ಬಿದ್ದ ಭಾರಕ್ಕೆ ಹಿಂದಿನ ಗಳ ಮುರಿದು ಗುಡಾರ ಅವರ ಮೇಲೆಯೇ ಕುಸಿಯಿತು.

"ಎತ್ತಬೇಡ್ರೀ! ಮುಚ್ಚಳ ಹಾಕಿಲ್ಲ, ಎತ್ತಬೇಡ್ರೀ!" ಎಂದು ಕಂಬಳಿ ರಾಶಿ ಅರಚಿತು.

ಅಕ್ಕ ಸುತ್ತಲಿದ್ದ ಹೆಂಗಸರಿಗೆ ಹೇಳಿದಳು: "ಕೂತ್ಕಳ್ರೇ ಸುತ್ತ!" ಅಂಚುಗಳ ಮೇಲೆ ಆರೇಳು ಹೆಂಗಸರು ನೀರಿನಲ್ಲೇ ಕುಳಿತರು, ಒಬ್ಬಾಕೆಯ ಮಡಿಲಲ್ಲಿ ಕಳಸವೂ ಇತ್ತು. ಕಂಬಳಿಯ ರಾಶಿ ನಡುವೆ ಮಿಸುಕಾಡಿತು, ಟೇಪು ಹರಿಯುವ ಚರ್ ಸದ್ದು ಕೇಳಿತು. ಕೊನೆಗೆ ಒಂದು ಅಂಚಿನಿಂದ ಹುಡುಗಿಯ ತಲೆ ಹೊರಬಂತು, ಕೂದಲಲ್ಲಿ ಉಣ್ಣೆ, ಹಲ್ಲಿನ ತುಂಬ ಮರಳು.

"ಆಯ್ತು" ಎಂದಳು.

ಜನ ಹೋ ಎಂದು ಕೂಗಿದರು. ಏನಾಯಿತು ಎಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಪೈಪನ್ನು ಎರಡು ಕಂಬಳಿಯಲ್ಲಿ ಸುತ್ತಿ ಅಕ್ಕ ತಲೆಯ ಮೇಲೆ ಹೊತ್ತಳು. ದಂಡೆ ಹತ್ತುವ ದಾರಿಯಲ್ಲಿ ಅದಕ್ಕೆ ಹೂವು ಬಿತ್ತು, ಕುಂಕುಮ ಬಿತ್ತು, ಯಾರೋ ಒಂದು ಬಾಳೆಹಣ್ಣನ್ನೂ ಸಿಕ್ಕಿಸಿದರು. ಭಾವ ಹಿಂದೆ ಸುತ್ತಿಗೆ ಹಿಡಿದು ನಡೆದ. ಅವನ ಕಾಲಿಗೂ ಇಬ್ಬರು ನಮಸ್ಕಾರ ಮಾಡಿದರು. ಆಮೇಲೆ ವಾರವಿಡೀ ಅವನು ಮನೆಯಲ್ಲಿ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. "ನಮಸ್ಕಾರ ಮಾಡಿಸ್ಕೊಂಡವನ ಕೈಲಿ ಸಗಣಿ ಎತ್ತಿಸ್ತೀಯಾ?" ಎಂದು ಅಕ್ಕನನ್ನು ಕೇಳುತ್ತಿದ್ದ. ಎಂಟನೆಯ ದಿನ ಎತ್ತಿದ.

ಕತ್ತಲಾಗುವ ಮೊದಲು ತಳದ ಪದರ ಪೂರ್ತಿ ಮುಳುಗಿತ್ತು. ಮಾರನೆಯ ದಿನದ ಪತ್ರಿಕೆಯಲ್ಲಿ ಹೊಳೆ ಬಂದ ಸುದ್ದಿ ಬರೆದೆ. ಕಂಬಳಿಯ ವಿಷಯ ಬರೆಯಲಿಲ್ಲ, ಜಾಗ ಇರಲಿಲ್ಲ. ಪೈಪು ಹಿಡಿದ ಹುಡುಗಿಯನ್ನು ಬಸ್ಸು ಹತ್ತಿಸಿದೆ. ಸೀಟಿನ ಮೇಲೆ ಪೈಪನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅದಕ್ಕೆ ಸುತ್ತಿದ್ದ ಕಂಬಳಿಯ ಒಡೆಯ ಕಿಟಕಿಯ ಬಳಿ ನಿಂತು, "ತೊಳೆದು ಕಳ್ಸವ್ವ, ಮಳೆಗಾಲ ಐತೆ" ಎಂದ. ಕಂಬಳಿ ಮುಂದಿನ ತಿಂಗಳು ಬಂತು, ಇಸ್ತ್ರಿ ಮಾಡಿತ್ತು.

ಅಣೆಕಟ್ಟು 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಿತು. ಅಕ್ಕನ ಊರಿನ ತಿರುವಿನಲ್ಲಿ ಪದರಗಳಿದ್ದ ದಂಡೆ ಈಗ ಇಲ್ಲ. ಹೊಳೆ ಅದನ್ನು ಬುಡದಿಂದ ಕೊರೆದು ಕೆಡವಿತು, ಭಾವನ ತೊಗರಿಯ ನಾಲ್ಕು ಸಾಲು ಅದರ ಜೊತೆ ಹೋದವು. ಎದುರು ದಡದಲ್ಲಿ ಹೊಸ ಮರಳಿನ ದಿಬ್ಬ ಬಿದ್ದಿದೆ.

ಪೈಪಿನೊಳಕ್ಕೆ ಬೆಳಕು ಹೊಕ್ಕಿಲ್ಲವೆಂದು ಪ್ರಯೋಗಾಲಯ ತಿಳಿಸಿದೆ. ತಳದ ಮರಳಿನ ವಯಸ್ಸು ಸಿಕ್ಕಿದೆ. ಪ್ರಬಂಧ ಒಪ್ಪಿಗೆಯಾಗುವವರೆಗೆ ಅದನ್ನು ಎಲ್ಲೂ ಬರೆಯಬಾರದೆಂದು ಆಕೆ ಕೇಳಿಕೊಂಡಿದ್ದಾಳೆ. ಪ್ರಬಂಧ ಸಲ್ಲಿಕೆಯಾಗಿದೆ. ಮೌಖಿಕ ಪರೀಕ್ಷೆಯ ದಿನ ಇನ್ನೂ ಗೊತ್ತಾಗಿಲ್ಲ.